ಬಿ.ಎ. ಪಾಸಾದವರ ಪಟ್ಟಿ

ನ್ಯಾಕ್ ತಂಡ ಬರುತ್ತದೆಂದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಗೋಡೆಗೆ ಸುಣ್ಣ ಬಣ್ಣ. ಇನ್ನೊಂದು, ಹಳೆಯ ವಿದ್ಯಾರ್ಥಿಗಳ ಹುಡುಕಾಟ. 1994ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ಕಚೇರಿ ಇರುವ ಈ ಮಾನ್ಯತಾ ಪರಿಷತ್ತು ಏಳು ಮಾನದಂಡ ಇಟ್ಟುಕೊಂಡು ಕಾಲೇಜನ್ನು ತೂಗುತ್ತ ಬಂದಿದೆ. ಐದನೆಯದು ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿಯದು. ನಿಮ್ಮಲ್ಲಿ ನೋಂದಣಿಯಾದ ಹಳೆಯ ವಿದ್ಯಾರ್ಥಿಗಳ ಸಂಘ ಇದೆಯೇ, ಅದು ಹಣದಿಂದಲೋ ಬೇರೆ ಸೇವೆಯಿಂದಲೋ ಕಾಲೇಜಿಗೆ ನೆರವಾಗಿದೆಯೇ ಎಂಬ ಪ್ರಶ್ನೆ ಅದರೊಳಗೆ ಬರುತ್ತದೆ. ಸಂಘ ಇಲ್ಲದ ಕಡೆ ಅವಸರದಲ್ಲಿ ಸಂಘ ಆಗುತ್ತದೆ. ಬಳಿಕ ‘ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’ ಎಂಬ ಫ್ಲೆಕ್ಸ್ ಮೆಟ್ಟಿಲ ಪಕ್ಕ ಏರುತ್ತದೆ.

ಆ ಫ್ಲೆಕ್ಸಿನ ಕ್ರಮ ಎಲ್ಲ ಊರಲ್ಲೂ ಒಂದೇ. ಮೊದಲ ಸಾಲು ರಾಜಕಾರಣಿಗಳಿಗೆ. ಎರಡನೆಯದು ಕೆ.ಎ.ಎಸ್., ಪೊಲೀಸ್, ತಹಶೀಲ್ದಾರರಿಗೆ. ಮೂರನೆಯದರಲ್ಲಿ ಒಬ್ಬಿಬ್ಬರು ಗುತ್ತಿಗೆದಾರರು, ಒಬ್ಬ ಸಾಹಿತಿ. ಜಾಗ ಉಳಿದರೆ ರಾಜ್ಯಮಟ್ಟದ ಕಬಡ್ಡಿ ಆಡಿದ ಹುಡುಗ. ಅದೇ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಎಂ.ಎ. ಮಾಡಿ, ಈಗ ಅಲ್ಲೇ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಆದೇಶದ ದಾರಿ ಕಾಯುತ್ತ ಕುಳಿತವರೇ ಎಷ್ಟೋ ಸಲ ಈ ಪಟ್ಟಿಯನ್ನು ಟೈಪ್ ಮಾಡುವವರು. ಅವರ ಹೆಸರು ಅದರಲ್ಲಿ ಇರುವುದಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ಕಲಾ ಕಾಲೇಜುಗಳ ಪಟ್ಟಿ ಉದ್ದವಿಲ್ಲ ಎಂದು ಹಂಗಿಸುವವರು ಒಂದು ಸಂಗತಿ ನೆನಪಿಟ್ಟುಕೊಂಡರೆ ಒಳ್ಳೆಯದು. ಇಲ್ಲಿಗೆ ಕಾಲೇಜು ಬಂದದ್ದೇ ತಡವಾಗಿ. ನಿಜಾಮರ ಕಾಲದಲ್ಲಿ ಉನ್ನತ ಶಿಕ್ಷಣವೆಂದರೆ ಹೈದರಾಬಾದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತೀಯ ಭಾಷೆಯೊಂದರಲ್ಲಿ ಪದವಿ ಪಾಠ ಹೇಳಿದ ಮೊದಲ ವಿಶ್ವವಿದ್ಯಾಲಯ. ದೊಡ್ಡ ಸಾಹಸವೇ ಸರಿ. ಆದರೆ ಆ ಭಾಷೆ ಉರ್ದು. ಈ ಸಗರನಾಡಿನ ಕನ್ನಡದ ಹುಡುಗ ಅರ್ಥಶಾಸ್ತ್ರ ಓದಬೇಕಾದರೆ ಮೊದಲು ಉರ್ದು ಗಟ್ಟಿ ಮಾಡಿಕೊಳ್ಳಬೇಕಿತ್ತು, ಜೊತೆಗೆ ಇಂಗ್ಲಿಷೂ ಕಡ್ಡಾಯ. ಕಲಬುರಗಿ, ವರಂಗಲ್, ಔರಂಗಾಬಾದುಗಳಲ್ಲಿ ಉಸ್ಮಾನಿಯಾದ ಇಂಟರ್‌ಮೀಡಿಯಟ್ ಕಾಲೇಜುಗಳಿದ್ದವು. ಇಂಟರ್ ಮುಗಿಸಿ ಬಿ.ಎ.ಗೆ ಹೋಗುವವನು ಮತ್ತೆ ರೈಲು ಹತ್ತಬೇಕು. ಯಾದಗಿರಿಗೆ ಮುಂಬೈ–ಮದ್ರಾಸ್ ಹಳಿ ಇತ್ತು, ಪುಣ್ಯ. ಶಹಾಪುರ, ಸುರಪುರದವರು ರೈಲು ಹಿಡಿಯುವುದಕ್ಕೇ ಯಾದಗಿರಿಯ ತನಕ ಬರಬೇಕು.

1938ರಲ್ಲಿ ಉಸ್ಮಾನಿಯಾದ ವಸತಿ ನಿಲಯಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದಾಗ ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಹಾಗೆ ನಾಗಪುರಕ್ಕೆ ಹೋದವರೇ. ಈಗ ಅವರನ್ನು ಹೆಮ್ಮೆಯ ಪಟ್ಟಿಗೆ ಸೇರಿಸಿಕೊಳ್ಳುವುದು ಯಾರು, ಹೊರಹಾಕಿದವರೋ ಒಳಗೆ ಕರೆದವರೋ? ಇಬ್ಬರೂ ಸೇರಿಸಿಕೊಳ್ಳುತ್ತಾರೆ. ಪಟ್ಟಿಗಳ ಸ್ವಭಾವವೇ ಅದು.

ಸುರಪುರದ ಮಟ್ಟಿಗೆ ಹೇಳುವುದಾದರೆ ಕಾಲೇಜು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಶಿಷ್ಯ ಇದ್ದರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹದಿನೈದರ ವಯಸ್ಸಿಗೇ ಮುಂಬೈಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿಸಿ ಕಳಿಸಿದ್ದರು. ಸರ್ವೆ, ಕಟ್ಟಡ ಕಟ್ಟುವುದು, ಕಾನೂನು, ಇಲ್ಲಿಯ ಭಾಷೆಗಳು, ಎಲ್ಲವನ್ನೂ ತಾನೇ ಕಲಿತ. ರಾಜನಕೋಳೂರಿನ ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳನ್ನು ಹುಡುಕಿ, ಅಳೆದು, ಬರೆದಿಟ್ಟ. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಕ್ಕರ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. ಇತಿಹಾಸ, ಭೂಗೋಳ, ಸಾಹಿತ್ಯ, ಆಡಳಿತ ಎಲ್ಲವನ್ನೂ ಒಬ್ಬನೇ ಹಚ್ಚಿಕೊಂಡ ಈ ಮನುಷ್ಯ ಯಾವ ಪದವಿಯೂ ಇಲ್ಲದ ಕಲಾ ಪದವೀಧರ.

ಎಳೆಯ ರಾಜ ವೆಂಕಟಪ್ಪ ನಾಯಕ ಅವನ ಆಶ್ರಯದಲ್ಲಿ ಬೆಳೆದ. ರಾಜ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. 1853ರಲ್ಲಿ ರಾಜನ ಕೈಗೆ ಅಧಿಕಾರ ಬಂತು, ಟೇಲರ್ ಹೊರಟ. ಐದು ವರ್ಷ ತುಂಬುವುದರೊಳಗೆ, 1858ರಲ್ಲಿ, ಶಿಷ್ಯ ಗುರುವಿನ ಸರ್ಕಾರದ ಮೇಲೆಯೇ ತಿರುಗಿಬಿದ್ದ. ಸೆರೆಯಲ್ಲಿದ್ದ ಅವನನ್ನು ಟೇಲರ್ ಸಿಕಂದರಾಬಾದಿನಲ್ಲಿ ಹೋಗಿ ನೋಡಿದ. ಅದೇ ವರ್ಷ ರಾಜ ತೀರಿಕೊಂಡ. ಗುರು ವಾಸವಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. ಆದರೆ ಊರಿನ ಜನ ಅಭಿಮಾನದಿಂದ ನೆನೆಯುವುದು ಶಿಷ್ಯನನ್ನು. ಒಂದು ಸಂಸ್ಥೆಗೆ ಹೆಸರು ತಂದ ವಿದ್ಯಾರ್ಥಿ ಯಾರು ಎಂಬುದನ್ನು ಆ ಸಂಸ್ಥೆ ನಡೆಸಿದವರೇ ತೀರ್ಮಾನಿಸಲಾರರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಈ ಭಾಗದ ಕಲಾ ಕಾಲೇಜಿನಿಂದ ಹೊರಬಂದವರಲ್ಲಿ ದೇಶವೆಲ್ಲ ಬಲ್ಲ ಹೆಸರು ಮಲ್ಲಿಕಾರ್ಜುನ ಖರ್ಗೆಯವರದು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ 1942ರಲ್ಲಿ ಹುಟ್ಟಿದವರು. ರಜಾಕಾರರ ಹಾವಳಿಯಲ್ಲಿ ತಾಯಿ ಮತ್ತು ಸಹೋದರಿಯನ್ನು ಕಳೆದುಕೊಂಡು ತಂದೆಯ ಜೊತೆ ಕಲಬುರಗಿ ಸೇರಿದರು. ನೂತನ ವಿದ್ಯಾಲಯದಲ್ಲಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಬಿ.ಎ., ಸೇಠ್ ಶಂಕರಲಾಲ್ ಲಾಹೋಟಿ ಕಾಲೇಜಿನಲ್ಲಿ ಕಾನೂನು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾಗಿ ಗೆದ್ದದ್ದೇ ಅವರ ಮೊದಲ ಚುನಾವಣೆ. 1969ರಲ್ಲಿ ಎಂ.ಎಸ್.ಕೆ. ಮಿಲ್ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾದರು. 1972ರಲ್ಲಿ ಗುರುಮಠಕಲ್ಲಿನಿಂದ ವಿಧಾನಸಭೆಗೆ ಹೋದವರು 2004ರವರೆಗೆ ಅದೇ ಕ್ಷೇತ್ರದಿಂದ ಸತತ ಎಂಟು ಸಲ ಆರಿಸಿ ಬಂದರು. ಆ ಗುರುಮಠಕಲ್ ಈಗ ಯಾದಗಿರಿ ಜಿಲ್ಲೆಯಲ್ಲಿದೆ. 2022ರ ಅಕ್ಟೋಬರ್‌ನಲ್ಲಿ ಅವರು ಕಾಂಗ್ರೆಸ್ ಅಧ್ಯಕ್ಷರಾದಾಗ ಕಲಬುರಗಿಯಲ್ಲಿ ಎಷ್ಟು ಪಟಾಕಿ ಹಾರಿದವೋ ಗುರುಮಠಕಲ್ಲಿನಲ್ಲೂ ಹಾರಿರಬೇಕು.

ಇಂಥದೇ ಕಥೆ ದೂರದ ದೇಶದಲ್ಲೂ ಸಿಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಯುರೇಕಾ ಎಂಬ ಪುಟ್ಟ ಊರಿದೆ, ಅದೇ ಹೆಸರಿನ ಪುಟ್ಟ ಕಲಾ ಕಾಲೇಜೂ ಇದೆ. ಮುಂದೆ ಅಮೆರಿಕದ ಅಧ್ಯಕ್ಷನಾದ ರೊನಾಲ್ಡ್ ರೇಗನ್ 1932ರಲ್ಲಿ ಅಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿ ಬಿ.ಎ. ಆದ. ಕಾಲೇಜಿಗೆ ಸೇರಿದ ವರ್ಷವೇ, ಪಾಠದ ವಿಷಯಗಳನ್ನು ಕಡಿತ ಮಾಡಹೊರಟ ಕಾಲೇಜಿನ ಅಧ್ಯಕ್ಷರ ವಿರುದ್ಧ ನಡೆದ ಮುಷ್ಕರದಲ್ಲಿ ಪಾಲುಗೊಂಡ. ಕೊನೆಯ ವರ್ಷ ವಿದ್ಯಾರ್ಥಿ ಸಂಘದ ಅಧ್ಯಕ್ಷನಾದ. ಯುರೇಕಾ ಕಾಲೇಜು ಅವನ ಹೆಸರಿನಲ್ಲಿ ಮ್ಯೂಸಿಯಂ ಮಾಡಿಕೊಂಡಿದೆ. ಖರ್ಗೆ ಮತ್ತು ರೇಗನ್ ರಾಜಕೀಯದಲ್ಲಿ ಎಣ್ಣೆ ಸೀಗೇಕಾಯಿ. ಆದರೆ ಇಬ್ಬರೂ ಮತ ಕೇಳುವುದನ್ನು ಕಲಿತದ್ದು ಸಣ್ಣ ಕಲಾ ಕಾಲೇಜಿನಲ್ಲಿ, ಎಲ್ಲರಿಗೂ ಎಲ್ಲರ ಗುರುತು ಇರುವ ಕಡೆ. ಕರ್ನಾಟಕದಲ್ಲಿ ಕಾಲೇಜು ಚುನಾವಣೆಗಳನ್ನು ನಿಲ್ಲಿಸಿ ದಶಕಗಳಾದವು. ಗಲಾಟೆ ತಪ್ಪಿತು ನಿಜ. ಗುರುಮಠಕಲ್ಲಿನಂಥ ಊರಿನ ಕೂಲಿಕಾರರ ಮಗನಿಗೆ ಮೊದಲ ಮೆಟ್ಟಿಲೂ ತಪ್ಪಿತು.

ಖರ್ಗೆಯವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಮಾತಿದೆ. 1976ರಲ್ಲಿ ಅವರು ಪ್ರಾಥಮಿಕ ಶಿಕ್ಷಣ ಖಾತೆಯ ರಾಜ್ಯ ಸಚಿವರಾಗಿದ್ದಾಗ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾಗಿ ತುಂಬದೆ ಉಳಿದಿದ್ದ 16 ಸಾವಿರಕ್ಕೂ ಹೆಚ್ಚು ಶಿಕ್ಷಕರ ಹುದ್ದೆಗಳನ್ನು ನೇರವಾಗಿ ತುಂಬಲಾಯಿತು. ಒಬ್ಬ ಬಿ.ಎ. ಪದವೀಧರ ಮಂತ್ರಿಯಾದದ್ದಕ್ಕಿಂತ, ಆ ಮಂತ್ರಿಯ ಕಾಲದಲ್ಲಿ ಅಷ್ಟು ಮನೆಗಳಿಗೆ ಮೊದಲ ಸರ್ಕಾರಿ ಸಂಬಳ ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಖರ್ಗೆಯವರು ಹುಟ್ಟಿದ ವರ್ಷವೇ ಕಲಬುರಗಿ ಹತ್ತಿರದ ಸಾವಳಗಿಯಲ್ಲಿ ಹುಟ್ಟಿದವರು ಗೀತಾ ನಾಗಭೂಷಣ. ತಂದೆ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕ. ಕಷ್ಟಪಟ್ಟು ಓದಿ, ಕಲಬುರಗಿಯ ನಗರೇಶ್ವರ ಕಾಲೇಜಿನಲ್ಲಿ ಪಾಠ ಹೇಳಿ, ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 2010ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಂದಿನ ಗುಲಬರ್ಗಾ ಜಿಲ್ಲೆಯ ಹೆಣ್ಣುಮಕ್ಕಳ ಮಾತು, ಬೈಗುಳ, ಅಳು ಇದ್ದಂತೆಯೇ ಪುಸ್ತಕಕ್ಕೆ ಬಂದದ್ದು ಅವರ ಕಾದಂಬರಿಗಳಲ್ಲಿ. ಅಂಥವರು ತರಗತಿಯಲ್ಲಿ ನಿಂತು ಪಾಠ ಹೇಳಿದಾಗ ಮುಂದಿನ ಬೆಂಚಿನ ಹುಡುಗಿಗೆ ಏನನ್ನಿಸಿರಬೇಕು? ಅದಕ್ಕೆ ನ್ಯಾಕ್ ನಮೂನೆಯಲ್ಲಿ ಕಾಲಂ ಇಲ್ಲ.

ಪದವಿ ಪ್ರಮಾಣಪತ್ರದ ಮೇಲಿನ ಮುದ್ರೆಯ ಕಥೆಯೂ ಕೇಳುವಂಥದ್ದು. 1956ರವರೆಗೆ ಈ ಭಾಗಕ್ಕೆ ಉಸ್ಮಾನಿಯಾ. ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅದು 1970ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಆ ಕೇಂದ್ರವೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಈಗ ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ರಾಯಚೂರಿನ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಜ್ಜನದು ಹೈದರಾಬಾದಿನ ಉರ್ದು ಸನದು, ಅಪ್ಪನದು ಧಾರವಾಡದ್ದು, ಅಕ್ಕನದು ಗುಲಬರ್ಗಾದ್ದು, ತಮ್ಮನದು ರಾಯಚೂರಿನದು ಎಂಬ ಮನೆ ಈ ಭಾಗದಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಹೀಗೆ ಮುದ್ರೆ ಬದಲಾದಾಗಲೆಲ್ಲ ಹಳೆಯ ವಿದ್ಯಾರ್ಥಿಗಳ ದಾಖಲೆ ಇನ್ನೊಂದು ಊರಿನ ಅಟ್ಟ ಸೇರಿತು. ಪಟ್ಟಿ ಮಾಡಲು ಕುಳಿತವರಿಗೆ ಹೆಸರು ಹೊಳೆಯದಿರುವುದಕ್ಕೆ ಇದೂ ಒಂದು ಕಾರಣ.

ಯುರೇಕಾದಂಥ ಅಮೆರಿಕದ ಸಣ್ಣ ಕಲಾ ಕಾಲೇಜೆಂದರೆ ಸ್ಥೂಲವಾಗಿ ಇಷ್ಟು: ಪದವಿ ತರಗತಿಗಳೇ ಮುಖ್ಯ, ಮಕ್ಕಳ ಸಂಖ್ಯೆ ಕಡಿಮೆ, ಮೇಷ್ಟ್ರಿಗೆ ಪ್ರತಿಯೊಬ್ಬರ ಪರಿಚಯ, ಸಾಹಿತ್ಯ ಓದುವವನು ಗಣಿತವನ್ನೂ ಆರಿಸಿಕೊಳ್ಳಬಹುದು. ಮೊದಲ ಮೂರು ಲಕ್ಷಣ ನಮ್ಮ ತಾಲ್ಲೂಕು ಕಾಲೇಜುಗಳಿಗೂ ಹೊಂದುತ್ತವೆ. ಶಹಾಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಸುರಪುರದ ಶ್ರೀ ಪ್ರಭು ಕಾಲೇಜಾಗಲಿ, ಹುಡುಗನ ಊರು ಯಾವುದು, ಅಪ್ಪ ಏನು ಮಾಡುತ್ತಾನೆ ಎಂಬುದು ಮೇಷ್ಟ್ರಿಗೆ ಗೊತ್ತಿರುತ್ತದೆ. ನಾಲ್ಕನೆಯ ಲಕ್ಷಣ ಮಾತ್ರ ನಮ್ಮಲ್ಲಿಲ್ಲ. ಎಚ್.ಇ.ಪಿ., ಎಚ್.ಇ.ಎಸ್., ಎಚ್.ಇ.ಕೆ. ಎಂಬ ಸಿದ್ಧ ಗಂಟುಗಳಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ಇತಿಹಾಸ, ಅರ್ಥಶಾಸ್ತ್ರಗಳ ಜೊತೆ ರಾಜ್ಯಶಾಸ್ತ್ರವೋ ಸಮಾಜಶಾಸ್ತ್ರವೋ ಕನ್ನಡವೋ. ಇತಿಹಾಸದ ಹುಡುಗನಿಗೆ ಭೂವಿಜ್ಞಾನ ಬೇಕೆನಿಸಿದರೆ ಅದಕ್ಕೆ ದಾರಿಯಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂದಾಗ ಸ್ವಲ್ಪ ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಆ ಜಗಳ ಈ ಅಂಕಣದ್ದಲ್ಲ.

ಹಾಗಾದರೆ ಈ ಎಚ್.ಇ.ಪಿ.ಗಳನ್ನು ಮುಗಿಸಿದವರು ಎಲ್ಲಿಗೆ ಹೋಗುತ್ತಾರೆ? ಊರಿಗೆ ಬಂದವನನ್ನು ಕಟ್ಟೆಯ ಮೇಲೆ ಕೇಳುವ ಮೊದಲ ಮಾತು ‘ನೌಕ್ರಿ ಹತ್ತೇತೇನ್ಲೇ?’ ಎಂದು. ಹತ್ತದವರು ಬೆಂಗಳೂರು, ಹೈದರಾಬಾದು, ಪುಣೆಗೆ ಗುಳೆ ಹೋಗುತ್ತಾರೆ. ಅಪ್ಪ ಇಟ್ಟಿಗೆ ಹೊತ್ತ ಕಟ್ಟಡದ ಪಕ್ಕದ ಕಟ್ಟಡದಲ್ಲಿ ಮಗ ಲೆಕ್ಕ ಬರೆಯುತ್ತಾನೆ. ಒಂದು ತಲೆಮಾರಿನಲ್ಲಿ ಅದೂ ಸಣ್ಣ ಏಣಿಯಲ್ಲ. ಹತ್ತುವವರಿಗೆ ಸಂವಿಧಾನದ 371(ಜೆ) ವಿಧಿ ದಾರಿ ತೆರೆದಿದೆ. ಅದನ್ನು ಸೇರಿಸಿದ 98ನೇ ತಿದ್ದುಪಡಿಗೆ 2012ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು, ಮರುವರ್ಷ ಅದು ಜಾರಿಗೆ ಬಂತು. ಅದರಂತೆ ಈ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಇಲ್ಲಿಯವರಿಗೇ ಮೀಸಲು. ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲೂ ಶೇ 8 ಪಾಲು. ಅಭ್ಯರ್ಥಿ ಪಾಸ್‌ಪೋರ್ಟ್ ಅಳತೆಯ ಫೋಟೋಗಿಂತ ಜೋಪಾನವಾಗಿ ಇಟ್ಟುಕೊಳ್ಳುವ ಕಾಗದವೆಂದರೆ ಉಪವಿಭಾಗಾಧಿಕಾರಿ ಸಹಿಯ 371(ಜೆ) ಸರ್ಟಿಫಿಕೇಟು. ಲ್ಯಾಮಿನೇಷನ್ ಮಾಡಿಸಿ, ಹತ್ತು ಜೆರಾಕ್ಸ್ ತೆಗೆಸಿ, ಪ್ಲಾಸ್ಟಿಕ್ ಫೈಲಿನಲ್ಲಿ ಮಾರ್ಕ್ಸ್ ಕಾರ್ಡಿನ ಮುಂದೆಯೇ ಇಡುತ್ತಾರೆ.

ಬಿ.ಎ. ಆದ ಮೇಲೆ ಬಹಳ ಮಂದಿ ಹಿಡಿಯುವ ದಾರಿ ಮಾಸ್ತರಿಕೆಯದು. ಬಿ.ಎ., ಆಮೇಲೆ ಡಿ.ಎಡ್. ಅಥವಾ ಬಿ.ಎಡ್., ಆಮೇಲೆ ಟಿ.ಇ.ಟಿ., ಆಮೇಲೆ ಸಿ.ಇ.ಟಿ. 2022ರಲ್ಲಿ ಸರ್ಕಾರ ಆರರಿಂದ ಎಂಟನೇ ತರಗತಿಗೆ 15 ಸಾವಿರ ಪದವೀಧರ ಶಿಕ್ಷಕರ ನೇಮಕಕ್ಕೆ ಅರ್ಜಿ ಕರೆದಾಗ ಅದರಲ್ಲಿ 5 ಸಾವಿರ ಹುದ್ದೆ ಕಲ್ಯಾಣ ಕರ್ನಾಟಕದವು. ಅಂದರೆ ನಮ್ಮ ಕಲಾ ಕಾಲೇಜುಗಳ ಅತಿ ದೊಡ್ಡ ಹಳೆಯ ವಿದ್ಯಾರ್ಥಿ ಬಳಗ ಇರುವುದು ವಿಧಾನಸೌಧದಲ್ಲಲ್ಲ, ಕೆಂಭಾವಿ, ಹುಣಸಗಿ, ಕಕ್ಕೇರಾ, ವಡಗೇರಾ, ಸೈದಾಪುರಗಳ ಸಾಲಿಗಳಲ್ಲಿ.

ಇಲ್ಲಿಗೆ ಬಂದ ಮೇಲೆ ಹೆಮ್ಮೆಯ ಮಾತು ಸ್ವಲ್ಪ ಕಷ್ಟವಾಗುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದ ಸರಾಸರಿ ಶೇ 75.36. ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರ ಆಸುಪಾಸು. ರಾಜ್ಯಕ್ಕೇ ಕೊನೆಯ ಸ್ಥಾನ. ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ 30ರಂದು, ಹಾಗಾಗಿ ಜಿಲ್ಲೆಯಾದ ಮೇಲೆ ಬಂದ ಮೊದಲ ಜನಗಣತಿಯ ಅಂಕಿಯೇ ಅದು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಣು ಬಿದ್ದ ವರ್ಷ, ಶೇ 50.59 ಫಲಿತಾಂಶದೊಂದಿಗೆ ಮತ್ತೆ ಕೊನೆಯವರಾದೆವು. ಉಡುಪಿ ಶೇ 94ರೊಂದಿಗೆ ಮೊದಲಿತ್ತು.

ಈ ಅಂಕಿಗಳನ್ನು ಕಾಲೇಜಿನ ಪಟ್ಟಿಯ ಪಕ್ಕ ಇಟ್ಟು ಯಾರೂ ಓದುವುದಿಲ್ಲ. ನನ್ನ ತಕರಾರು ಅದೇ. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷು ಹೇಗೋ ದಾಟಿಸಿಕೊಂಡ ಹುಡುಗ ಪಿಯುಸಿಯಲ್ಲಿ ಕಲಾ ವಿಭಾಗಕ್ಕೆ ಬರುತ್ತಾನೆ. ಅಲ್ಲಿಂದ ಬಿ.ಎ. ಅತಿಥಿ ಉಪನ್ಯಾಸಕರ ಆದೇಶ ಬರುವವರೆಗೆ ಮೊದಲ ತಿಂಗಳುಗಳ ಪಾಠ ಅಷ್ಟಕ್ಕಷ್ಟೇ. ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ತರಗತಿ ಹೊಲದಲ್ಲಿ. ಪರೀಕ್ಷೆಗೆ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯ ಗೈಡು. ಹಾಗೆ ಪಾಸಾದವನೇ ಬಿ.ಎಡ್. ಮುಗಿಸಿ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಲು ನಿಲ್ಲುತ್ತಾನೆ. ಕೆಲವರು ಅದ್ಭುತವಾಗಿ ಹೇಳುತ್ತಾರೆ, ತಮ್ಮ ಕೊರತೆಯನ್ನು ತಾವೇ ತುಂಬಿಕೊಂಡು. ಎಲ್ಲರಿಂದಲೂ ಅದು ಆಗುವುದಿಲ್ಲ. ಅವನ ತರಗತಿಯ ಮಕ್ಕಳು ಮೂರು ವರ್ಷದಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ, ಮತ್ತೆ ಅದೇ ಕಾಲೇಜಿನ ಬಾಗಿಲಿಗೆ ಬರುತ್ತಾರೆ. ಕಾಲೇಜು ಸಾಲಿಯನ್ನು ಬೈಯುತ್ತದೆ, ಸಾಲಿ ಮನೆಯನ್ನು ಬೈಯುತ್ತದೆ. ಸಾಲಿಯಲ್ಲಿ ನಿಂತವನು ತನ್ನದೇ ವಿದ್ಯಾರ್ಥಿ ಎಂಬುದನ್ನು ಕಾಲೇಜು ಮರೆತಿರುತ್ತದೆ. ಶಾಸಕನಾದ ವಿದ್ಯಾರ್ಥಿಯ ಹೆಸರು ಫ್ಲೆಕ್ಸಿಗೆ ಬೇಕು ಎನ್ನುವುದಾದರೆ ಶೇ 50.59ರಲ್ಲಿಯೂ ಪಾಲು ಒಪ್ಪಿಕೊಳ್ಳಬೇಕಾಗುತ್ತದೆ.

ಬದಲಾದದ್ದೇ ಇಲ್ಲ ಎಂದಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದಂದಿನಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬೆಳಗಿನ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದ ಹುಡುಗಿಯರು ಕಿಟಕಿಯವರೆಗೂ ತುಂಬಿರುತ್ತಾರೆ. ಪಾಸು ಮಾಡಿಸಲು ದುಡ್ಡಿಲ್ಲ ಎಂದು ಪಿಯುಸಿಗೇ ನಿಲ್ಲುತ್ತಿದ್ದವರ ತಂಗಿಯರು ಇವರು. ತಾಯಿಗೆ ಓದಲು ಬಾರದ ಮನೆಯಿಂದ ಬರುವವರೇ ಹೆಚ್ಚು. ಇಂಥ ಹುಡುಗಿ ಬಿ.ಎ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಓಣಿಯ ರೇಷನ್ ಕಾರ್ಡ್ ತಿದ್ದುಪಡಿ, ವಿಧವಾ ವೇತನದ ಅರ್ಜಿ, ಬ್ಯಾಂಕಿನ ಸ್ಲಿಪ್ಪು, ಬೆಳೆ ವಿಮೆಯ ಮೆಸೇಜು ಎಲ್ಲ ಅವಳ ಕೈಗೆ ಬರುತ್ತವೆ. ‘ಅವ್ವಾ, ಇದರಾಗ ಏನ್ ಬರದಾರ ಜರಾ ಓದು’ ಎಂದು ಕೇಳಿ ಬರುವ ಮುದುಕನಿಗೆ ಅವಳೇ ತಹಶೀಲ್ದಾರ್ ಕಚೇರಿ. ನೌಕರಿ ಹತ್ತಲಿ ಬಿಡಲಿ, ಮದುವೆಯಾಗಿ ಇನ್ನೊಂದು ಊರಿಗೆ ಹೋಗಲಿ, ಅಲ್ಲಿಯೂ ಅದೇ ಕೆಲಸ. ಸಂಘಕ್ಕೆ ದೇಣಿಗೆ ಕೊಡಲು ಅವಳ ಕೈಯಲ್ಲಿ ದುಡ್ಡಿಲ್ಲ. ‘ಬೇರೆ ಸೇವೆ’ ಎಂದು ನ್ಯಾಕ್ ಕೇಳುವುದರಲ್ಲಿ ಇದು ಬರುತ್ತದೋ ಇಲ್ಲವೋ, ಬರೆದು ಕಳಿಸಿಯಾದರೂ ನೋಡಬಹುದು.

ಪಟ್ಟಿ ಮಾಡುವ ಕಾಲೇಜುಗಳಿಗೆ ಮಾಡಲು ಸುಲಭವಾದ ಒಂದು ಕೆಲಸವಿದೆ. ಪ್ರವೇಶ ರಿಜಿಸ್ಟರು ಪ್ರತಿ ಕಾಲೇಜಿನ ಕಪಾಟಿನಲ್ಲಿದೆ. ಅದರಲ್ಲಿ ಹುಡುಗನ ಊರು, ಪಾಲಕರ ಉದ್ಯೋಗ ಬರೆದಿರುತ್ತದೆ. ಕೂಲಿ, ಒಕ್ಕಲುತನ, ಕೂಲಿ, ಕೂಲಿ ಎಂದು ಪುಟಗಟ್ಟಲೆ. ಅದನ್ನು ಮುಂದಿಟ್ಟುಕೊಂಡು ತಾಲ್ಲೂಕಿನ ಶಾಲೆಗಳ ಶಿಕ್ಷಕರ ಪಟ್ಟಿಯ ಜೊತೆ ಹೋಲಿಸಿದರೆ ಯಾರ ಮನೆಯಿಂದ ಯಾರು ಮೊದಲ ಸಲ ಪದವಿ ದಾಟಿ ಮೇಜಿನ ಆಚೆ ಬದಿಗೆ ಹೋದರು ಎಂಬುದು ವಾರದೊಳಗೆ ತಿಳಿಯುತ್ತದೆ. ವರ್ಷಕ್ಕೊಮ್ಮೆ ಶಾಲು, ಹಾರ, ಪೇಟ ತೊಡಿಸುವ ದಿನ ಈ ಮಾಸ್ತರರನ್ನು, ಟೀಚರುಗಳನ್ನು ಕರೆದು ವೇದಿಕೆಯ ಮೇಲಲ್ಲ, ಒಂದು ಕೋಣೆಯಲ್ಲಿ ಕೂರಿಸಿ ಕೇಳಬೇಕು: ನಾವು ಹೇಳಿದ ಇತಿಹಾಸ ನಿಮ್ಮ ಏಳನೇ ತರಗತಿಯಲ್ಲಿ ಎಷ್ಟು ಉಪಯೋಗಕ್ಕೆ ಬಂತು? ಎಲ್ಲಿ ಕೈಕೊಟ್ಟಿತು? ಸುರಪುರದ 1858ನ್ನು ಪಠ್ಯದಲ್ಲಿ ಇಲ್ಲದೆಯೂ ಹೇಳಿದಿರಾ? ಅವರ ಉತ್ತರಗಳನ್ನು ಬರೆದುಕೊಂಡು ಪಠ್ಯಕ್ರಮ ಮಾಡುವ ಅಧ್ಯಯನ ಮಂಡಳಿಗೆ ಕೊಡಬೇಕು. ಆ ಮಂಡಳಿ ಈಗ ಹೈದರಾಬಾದಿನಲ್ಲೂ ಇಲ್ಲ, ಧಾರವಾಡದಲ್ಲೂ ಇಲ್ಲ. ರಾಯಚೂರಿನಲ್ಲಿದೆ, ಯಾದಗಿರಿಯಿಂದ ಬೆಳಿಗ್ಗೆ ಹೋದರೆ ಸಂಜೆಯೊಳಗೆ ವಾಪಸ್ ಬರಬಹುದು.